ಬಾಗದ ಮೊಹರು

ನಮ್ಮ ಕಂಪನಿಯಲ್ಲಿ ಮನುಷ್ಯರಷ್ಟೇ ಅಲ್ಲ, ಮೊಹರುಗಳೂ ತಲೆಬಾಗುತ್ತಿದ್ದವು. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಜಪಾನಿನ ಹಿಗಾಶಿ ಒಸಾಕಾದ ಗಲ್ಲಿಗಳ ತುಂಬ ಬೋಲ್ಟು, ನಟ್ಟು ಮಾಡುವ ಕಂಪನಿಗಳಿವೆ. ನಮ್ಮ ಹಿಗಾಕಿ ಬೋಲ್ಟು ಅವುಗಳಲ್ಲಿ ಒಂದು. ಅಲ್ಲಿಂದ ಯಾವ ಕಾಗದ ಹೊರಗೆ ಹೋಗಬೇಕಾದರೂ ಅದರ ತಲೆಯ ಮೇಲೆ ಎಲ್ಲರ ಕೆಂಪು ಮೊಹರು ಸಾಲಾಗಿ ಬೀಳಬೇಕು. ಎಡತುದಿಗೆ ಯಜಮಾನರದು, ಬಲತುದಿಗೆ ನನ್ನದು. ಯಜಮಾನರ ಮೊಹರು ನೆಟ್ಟಗಿರುತ್ತದೆ. ಉಳಿದವೆಲ್ಲ ಅವರ ಕಡೆಗೆ ವಾಲಿರಬೇಕು, ಹುದ್ದೆ ಇಳಿದಷ್ಟೂ ಇನ್ನಷ್ಟು ವಾಲಬೇಕು. ನನ್ನದಂತೂ ಈಗ ಬಿತ್ತು, ಆಗ ಬಿತ್ತು ಅನ್ನುವ ಹಾಗಿರುತ್ತಿತ್ತು.

ನಾನು ಮಾಕಿನೊ ಸುಮಿಯೆ. ಅಲ್ಲಿಗೆ ಕೆಲಸಕ್ಕೆ ಸೇರಿದಾಗ ನನ್ನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ನನ್ನ ನಂತರ ಬಂದ ಗಂಡಸರೆಲ್ಲ ಒಬ್ಬೊಬ್ಬರಾಗಿ ಕಿಟಕಿ ಪಕ್ಕದ ಮೇಜು ಹಿಡಿದರು. ನನ್ನ ಮೇಜು ಮಾತ್ರ ಬಾಗಿಲ ಬಳಿಯೇ ಉಳಿಯಿತು, ಬಂದವರಿಗೆಲ್ಲ ಚಹಾ ಕೊಡಲು ಅನುಕೂಲ ಅಂತ. ಇದಕ್ಕೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಆದರೆ ನುಂಗಿಕೊಂಡಿದ್ದೆ.

ಕಂಪ್ಯೂಟರುಗಳು ಬಂದಾಗ, ಮೊಹರು ಬಾಗುವ ಕಾಟ ತಪ್ಪಿತಲ್ಲ ಎಂದು ಖುಷಿಪಟ್ಟೆ. ಎಲ್ಲಿಯ ಖುಷಿ! ನಮ್ಮ ಮ್ಯಾನೇಜರ್ ನಿಶಿವಾಕಿ ಸುಮ್ಮನಿರುವ ಆಸಾಮಿಯಲ್ಲ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ವಾರಗಟ್ಟಲೆ ಕೂತು ಒಂದು ಮ್ಯಾಕ್ರೊ ಬರೆದ. ಮ್ಯಾಕ್ರೊ ಅಂದರೆ ಬರಹದ ಹಿಂದೆ ಅಡಗಿ ಕೂತ ಆಳು; ಹೇಳಿಟ್ಟ ಕೆಲಸವನ್ನು ತಾನೇ ಮಾಡಿ ಮುಗಿಸುತ್ತದೆ. ನಿಶಿವಾಕಿಯ ಆಳಿನ ಕೆಲಸ ಇಷ್ಟೇ: ಗುಂಡಿ ಒತ್ತಿದರೆ ಪರದೆಯ ಮೇಲೆ ನಿಮ್ಮ ಕೆಂಪು ಮೊಹರು ಬೀಳುತ್ತದೆ, ನಿಮ್ಮ ಹುದ್ದೆಗೆ ತಕ್ಕಷ್ಟು ಬಾಗಿಕೊಂಡು.

"ನೋಡಿ ಮಾಕಿನೊ-ಸಾನ್, ಇನ್ಮೇಲೆ ಎಷ್ಟು ಬಗ್ಗಬೇಕು ಅಂತ ನೀವು ತಲೆ ಕೆಡಿಸ್ಕೋಬೇಕಾಗಿಲ್ಲ. ಕಂಪ್ಯೂಟರೇ ಬಗ್ಗಿಸುತ್ತೆ," ಎಂದ.

"ಸೊಂಟ ನೋವಿನವರಿಗೆ ಭಾರೀ ಉಪಕಾರ ಆಯ್ತು," ಎಂದೆ. ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಹೀಗೆ ನಮ್ಮ ದಿನದ ವರದಿ, ಗಿರಾಕಿಗಳಿಗೆ ಕಳಿಸುವ ದರಪಟ್ಟಿ ಎಲ್ಲವೂ ಒಂದೊಂದು ಫ್ಲಾಪಿಯಲ್ಲಿ ಕೂತು ಮೇಜಿನಿಂದ ಮೇಜಿಗೆ ಹೊರಟವು. ಬೆಳಿಗ್ಗೆ ನಾನು ತೆರೆದು, ಬರೆದು, ಮೊಹರು ಒತ್ತಿ ಮುಂದಿನವರಿಗೆ ಕೊಡುವುದು. ಅವರು ಅವರ ಮೇಲಿನವರಿಗೆ. ಕೊನೆಗೆ ಮಹಡಿಯ ಮೇಲಿರುವ ಯಜಮಾನರ ಕೋಣೆಗೆ. ಅವರ ಮೊಹರು ಬಿದ್ದ ಮೇಲೆ ದರಪಟ್ಟಿಯ ಫ್ಲಾಪಿ ಅಲ್ಲಿಂದಲೇ ಗಿರಾಕಿಗೆ, ವರದಿಯ ಫ್ಲಾಪಿ ಮರುದಿನಕ್ಕೆಂದು ಮತ್ತೆ ನನ್ನ ಮೇಜಿಗೆ. ಪ್ರತಿ ಸಲ ತೆರೆಯುವಾಗ ಕಂಪ್ಯೂಟರು ಕೇಳುತ್ತಿತ್ತು: ಇದರೊಳಗೆ ಮ್ಯಾಕ್ರೊ ಇದೆ, ನಡೆಯಲು ಬಿಡಲೇ? ಬೇಡ ಅಂದರೆ ಮೊಹರು ಬರುವುದಿಲ್ಲ. ಮೊಹರು ಬರದಿದ್ದರೆ ನಿಶಿವಾಕಿ ಬರುತ್ತಾನೆ. ಹಾಗಾಗಿ ಎಲ್ಲರೂ ಓದದೆಯೇ ಹೂಂ ಒತ್ತುವುದನ್ನು ಕಲಿತೆವು.

ಆ ಶರತ್ಕಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಮಾರಾಟದ ಸೆನ್‌ಬಾ ಒಂದು ಹಾಳೆ ಹಿಡಿದು ನಗುತ್ತ ನನ್ನ ಬಳಿ ಬಂದ. ಎಂಟು ಮಿಲಿಮೀಟರ್ ಬೋಲ್ಟಿನ ದರಪಟ್ಟಿ. ಕಟ್ಟಕಡೆಯಲ್ಲಿ ಒಂದು ಸಾಲು: ಹೊಟ್ಟೆ ಹಸಿಯುತ್ತಿದೆ.

"ಏನ್ರೀ ಮಾಕಿನೊ-ಸಾನ್, ಮಧ್ಯಾಹ್ನದ ಊಟ ತಂದಿಲ್ವಾ? ಗಿರಾಕಿ ಹತ್ರ ಬೇಡೋ ಮಟ್ಟಕ್ಕೆ ಬಂದ್ರಾ?"

"ನಾನ್ಯಾಕೆ ಬರೀಲಿ ಅದನ್ನ? ನಿಮ್ಮ ಹೊಟ್ಟೆ ನೋಡಿದ್ರೆ ನೀವೇ ಬರೆದಿರಬೇಕು."

ನಗು ಅಲ್ಲಿಗೇ ನಿಂತಿತು. ಮಧ್ಯಾಹ್ನದೊಳಗೆ ಎಲ್ಲರ ಕಂಪ್ಯೂಟರಿಂದಲೂ ಮುದ್ರಿಸಿದ ಪ್ರತಿ ಹಾಳೆಯ ಕೆಳಗೂ ಅದೇ ಸಾಲು. ರಜೆಯ ಅರ್ಜಿಯ ಕೆಳಗೆ ಹೊಟ್ಟೆ ಹಸಿಯುತ್ತಿದೆ. ಸತ್ತವರ ಮನೆಗೆ ಕಳಿಸಿದ ಸಂತಾಪದ ಪತ್ರದ ಕೆಳಗೂ ಹೊಟ್ಟೆ ಹಸಿಯುತ್ತಿದೆ. ಕಂಪ್ಯೂಟರು ರಿಪೇರಿಯ ತೊದಾನನ್ನು ಕರೆಸಿದರು.

ತೊದಾ ನಿಧಾನದ ಮನುಷ್ಯ. ನನ್ನ ಪಕ್ಕದಲ್ಲೇ ಕೂತು ನೋಡಿ ಹೇಳಿದ. "ಇದು ಮ್ಯಾಕ್ರೊ ವೈರಸ್ಸು. ನಿಮ್ಮ ಮೊಹರಿನ ಮ್ಯಾಕ್ರೊ ಇದೆಯಲ್ಲ, ಅದೇ ಜಾತೀದು, ಆದ್ರೆ ಕಳ್ಳ. ಫೈಲ್ ತೆಗೆದು ನೀವು ಹೂಂ ಅಂದ ತಕ್ಷಣ ಒಳಗೆ ನುಗ್ಗುತ್ತೆ. ನುಗ್ಗಿ ಎಲ್ಲಿ ಕೂರುತ್ತೆ ಗೊತ್ತಾ? ಹೊಸ ಹಾಳೆ ಹುಟ್ಟೋ ಮೂಲ ಅಚ್ಚು ಇರುತ್ತಲ್ಲ, ಅದರಲ್ಲಿ. ಆಮೇಲೆ ಆ ಕಂಪ್ಯೂಟರಲ್ಲಿ ನೀವು ತೆಗೆದು ಉಳಿಸಿದ್ದಕ್ಕೆಲ್ಲ ಅಂಟುತ್ತೆ. ಆ ಫೈಲ್ ಇನ್ನೊಬ್ಬರು ತೆಗೆದ್ರೆ ಅವರ ಅಚ್ಚಿಗೂ ಹೋಗುತ್ತೆ."

"ಹಂಗಾದ್ರೆ ಬೇಡ ಅಂತ ಒತ್ತಿದ್ರೆ?"

"ಬರೋದೇ ಇಲ್ಲ. ಅಷ್ಟೇ ಮಾಡಿ, ಸಾಕು."

"ಹೇಗೆ ಸಾಕು?" ನಿಶಿವಾಕಿ ಹಿಂದಿನಿಂದ ಕೂಗಿದ. "ಬೇಡ ಅಂದ್ರೆ ಮೊಹರು ಹೇಗ್ರೀ ಬರುತ್ತೆ?"

ತೊದಾ ಎಲ್ಲ ಕಂಪ್ಯೂಟರುಗಳನ್ನೂ ತೊಳೆದ. ಮತ್ತೆ ವೈರಸ್ಸು ಕಂಡರೆ ಕೀ ಕೀ ಎಂದು ಕಿರುಚುವ ಕಾವಲು ಪ್ರೋಗ್ರಾಂ ಒಂದನ್ನು ಎಲ್ಲದಕ್ಕೂ ಹಾಕಿದ. ಆಮೇಲೆ ಮಹಡಿಯ ಕಡೆ ಬೆರಳು ತೋರಿಸಿ, "ಮೇಲಿನದು?" ಎಂದು ಕೇಳಿದ.

ಕೋಣೆಯಲ್ಲಿದ್ದವರೆಲ್ಲ ಒಮ್ಮೆಲೇ ಕೆಲಸದಲ್ಲಿ ಮುಳುಗಿದರು. ಯಜಮಾನರಾದ ಹಿಗಾಕಿಯವರು ಎಪ್ಪತ್ತು ದಾಟಿದ ಮೇಲೆ ಕಂಪ್ಯೂಟರು ಕಲಿತವರು. ಆ ಯಂತ್ರವೆಂದರೆ ಅವರಿಗೆ ಪ್ರಾಣ. ಅದಕ್ಕೆ ರೋಗ ತಗಲಿರಬಹುದು ಎಂದು ಅವರ ಮುಖಕ್ಕೆ ಹೇಳುವುದೆಂದರೆ, ನೀವು ಕೊಳಕರು, ಬಟ್ಟೆ ಬಿಚ್ಚಿ ಪರೀಕ್ಷೆ ಮಾಡಬೇಕು ಎಂದ ಹಾಗೆ.

"ಯಜಮಾನ್ರದ್ದು ಚೊಕ್ಕವಾಗಿದೆ," ಎಂದ ನಿಶಿವಾಕಿ.

"ನೋಡಿದ್ರಾ?"

"ನೋಡಬೇಕಾಗಿಲ್ಲ."

ತೊದಾ ನನ್ನ ಮುಖ ನೋಡಿದ. ನಾನು ಚಹಾದ ಲೋಟ ನೋಡಿದೆ. ಅವನು ಚೀಲ ಹೆಗಲಿಗೇರಿಸಿ ಹೋದ.

ಮರುದಿನ ಬೆಳಿಗ್ಗೆ ವರದಿಯ ಫ್ಲಾಪಿ ತೂರಿಸಿದೆ. ನನ್ನ ಕಂಪ್ಯೂಟರು ಕೀ ಕೀ ಎಂದು ಕಿರುಚಿತು. ತೊದಾ ಬಂದ, ತೊಳೆದ, ಮಹಡಿ ನೋಡಿದ, ಹೋದ. ಅದರ ಮರುದಿನವೂ ಅದೇ ಕತೆ. ಪ್ರತಿ ಸಲ ಮೊದಲು ಕಿರುಚುತ್ತಿದ್ದುದು ನನ್ನದೇ. ಯಜಮಾನರ ಕೋಣೆಯಿಂದ ಇಳಿದ ಫ್ಲಾಪಿ ನೇರ ಬರುವುದು ನನ್ನ ಮೇಜಿಗೆ ತಾನೇ? ಇನ್ನಾರದು ಕಿರುಚಬೇಕು? ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಒಬ್ಬರಾದರೂ ಬಾಯಿ ಬಿಡಲಿಲ್ಲ.

ಆ ಹೊತ್ತಿಗೆ ದೊಡ್ಡ ಗಿರಾಕಿಯ ಫೋನು ಬಂತು. ನಮ್ಮ ಅರ್ಧ ಮಾಲು ಕೊಳ್ಳುವ ಪಂಪಿನ ಕಂಪನಿ. ನಮ್ಮ ದರಪಟ್ಟಿ ತೆರೆದ ಮೇಲೆ ಅವರ ಆಫೀಸಿನ ಹಾಳೆಗಳಿಗೆಲ್ಲ ಹಸಿವು ಹತ್ತಿತ್ತಂತೆ. ನಗರಸಭೆಗೆ ಕೊಟ್ಟ ಟೆಂಡರಿನ ಕೊನೆಯಲ್ಲೂ ಅದೇ ಸಾಲು ಹೋಗಿ ಅವರ ಮಾನ ಹರಾಜಾಗಿತ್ತು. ತಪ್ಪು ಮಾಡಿದವರನ್ನು ಶುಕ್ರವಾರ ಕರೆದುಕೊಂಡು ಬನ್ನಿ ಎಂದು ಅವರ ಖರೀದಿ ಮುಖ್ಯಸ್ಥ ಕಾಜಿತಾನಿ ಗುಡುಗಿದ್ದ.

ನಿಶಿವಾಕಿ ನನ್ನನ್ನು ಪಕ್ಕದ ಕೋಣೆಗೆ ಕರೆದ.

"ಮಾಕಿನೊ-ಸಾನ್, ವರದಿ ಶುರುವಾಗೋದು ನಿಮ್ಮ ಮೇಜಿಂದ. ಎಲ್ಲಿಂದ ಶುರುವಾಗುತ್ತೋ ರೋಗಾನೂ ಅಲ್ಲಿಂದಲೇ. ಮೊದಲು ಕಿರುಚೋದೂ ನಿಮ್ಮ ಕಂಪ್ಯೂಟರೇ."

"ಹಂಗಂದ್ರೆ?"

"ಶುಕ್ರವಾರ ನನ್ನ ಜೊತೆ ಬಂದು ತಲೆಬಾಗಿ. ನನ್ನ ಅಜಾಗರೂಕತೆಯಿಂದ ಆಯ್ತು ಅನ್ನಿ. ಒಂದು ನಿಮಿಷದ ಕೆಲಸ. ಆಮೇಲೆ ಸ್ವಲ್ಪ ದಿನ ಗೋದಾಮಲ್ಲಿ ಪ್ಯಾಕಿಂಗ್ ನೋಡ್ಕೊಳ್ಳಿ. ಅವರಿಗೂ ಸಮಾಧಾನ ಆಗುತ್ತೆ."

"ರೋಗ ಎಲ್ಲಿಂದ ಬರ್ತಿದೆ ಅಂತ ನಿಮಗೆ ಗೊತ್ತು ಮ್ಯಾನೇಜರ್ರೇ."

"ನನಗೇನೂ ಗೊತ್ತಿಲ್ಲ," ಎಂದ. ಹೇಳುವಾಗ ಅವನ ಕಣ್ಣು ಅವನಿಗೇ ತಿಳಿಯದೆ ಚಾವಣಿಯ ಕಡೆ ಹೋಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಗೋದಾಮಿನ ಕೆಲಸಕ್ಕಲ್ಲ, ಡಬ್ಬ ಕಟ್ಟುವುದು ನನಗೆ ಚಹಾ ಕೊಡುವುದಕ್ಕಿಂತ ಇಷ್ಟವೇ. ಆದರೆ ಮಾಡದ ತಪ್ಪಿಗೆ ಹೊರಗಿನವರ ಮುಂದೆ ಬಾಗಿ, ಅದು ನನ್ನದೇ ಎನ್ನಬೇಕಂತೆ. ಇಷ್ಟು ವರ್ಷ ನನ್ನ ಮೊಹರನ್ನು ಬಗ್ಗಿಸಿದ್ದು ಸಾಲದೆ ಈಗ ನನ್ನನ್ನೇ ಬಗ್ಗಿಸಲು ಹೊರಟಿದ್ದರು. ಮನೆಗೆ ಹೋಗುವ ರೈಲಿನಲ್ಲಿ ಕಂಬಿ ಹಿಡಿದು ನಿಂತು, ಇಲ್ಲ, ಆಗುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಪಕ್ಕದವನು ಬೆಚ್ಚಿ ಸರಿದು ನಿಂತ.

ಮರುದಿನ ಗುರುವಾರ. ಎಲ್ಲರ ಎದುರಿಗೇ ಹೊಸ ಫ್ಲಾಪಿಯ ಡಬ್ಬದ ಪ್ಲಾಸ್ಟಿಕ್ ಹರಿದೆ. ಒಂದು ಫ್ಲಾಪಿ ತೆಗೆದು, ಖಾಲಿ ವರದಿಯ ನಮೂನೆ ತುಂಬಿದೆ. ನನ್ನ ಕಂಪ್ಯೂಟರು ಸುಮ್ಮನೆ ಇತ್ತು, ಒಂದೂ ಸದ್ದಿಲ್ಲ. ನನ್ನ ಮೊಹರು ಒತ್ತಲಿಲ್ಲ. ಪಕ್ಕದವರಿಗೂ ಕೊಡಲಿಲ್ಲ. ಎದ್ದು ನೇರ ಮೆಟ್ಟಿಲ ಕಡೆ ನಡೆದೆ.

"ಎಲ್ಲಿಗೆ?" ನಿಶಿವಾಕಿ ಕುರ್ಚಿಯಿಂದ ಅರ್ಧ ಎದ್ದ. "ಯಾರ ಮೊಹರೂ ಬಿದ್ದಿಲ್ಲ! ತಲೆ ಕೆಟ್ಟಿದೆಯಾ ನಿಮಗೆ?"

"ಇವತ್ತು ಮೇಲಿಂದ ಕೆಳಗೆ," ಎಂದೆ.

ಯಜಮಾನರು ತಮ್ಮ ಕಂಪ್ಯೂಟರಿನ ಕೀಲಿಮಣೆಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದರು. ನನ್ನನ್ನು ನೋಡಿ, "ಚಹಾನಾ? ಅಲ್ಲಿಡು ಮಾಕಿನೊ," ಎಂದರು.

"ಚಹಾ ಅಲ್ಲ ಯಜಮಾನ್ರೇ. ವರದಿ. ಇದಕ್ಕೆ ನಿಮ್ಮ ಮೊಹರು ಮೊದಲು ಬೇಕು."

"ಮೊದಲು ನಂದಾ?" ಹುಬ್ಬು ಮೇಲೇರಿತು. ಆದರೆ ಪರದೆಯ ಮೇಲೆ ಕವನಗಳಿದ್ದವು, ಅವತ್ತು ಮನಸ್ಸು ಹಗುರವಾಗಿತ್ತು. "ಬಾ, ಇದು ನೋಡು. ನಮ್ಮ ಮುದುಕರ ಕೂಟದ್ದು. ತಿಂಗಳಿಗೊಂದ್ಸಲ ಫ್ಲಾಪಿ ಮನೆಯಿಂದ ಮನೆಗೆ ಹೋಗುತ್ತೆ. ಒಬ್ಬೊಬ್ಬರೂ ಒಂದೊಂದು ನಗೆಪದ್ಯ ಸೇರಿಸ್ತೀವಿ. ಶುರು ಮಾಡೋನು ತಾರುಮಿ. ಪಂಪಿನ ಕಂಪನಿಲಿ ಹಿರಿಯ ಸಲಹೆಗಾರ ಇದ್ದಾನಲ್ಲ, ಅವನೇ. ಅವನಿಂದ ನನಗೆ, ನನ್ನಿಂದ ಮುಂದಕ್ಕೆ."

ನಾನು ಬಗ್ಗಿ ನೋಡಿದೆ. ಬೋಳುತಲೆಯ ಮೇಲೆ ಕೂತ ಸೊಳ್ಳೆಯ ಬಗ್ಗೆ ತಾರುಮಿಯವರ ಪದ್ಯ. ಅದರ ಕೆಳಗೆ: ಹೊಟ್ಟೆ ಹಸಿಯುತ್ತಿದೆ.

"ಈ ಕೊನೇ ಸಾಲು ಸಿಕ್ಕಾಪಟ್ಟೆ ಚೆನ್ನಾಗಿದೆ," ಎಂದು ಯಜಮಾನರು ತೊಡೆ ತಟ್ಟಿ ನಕ್ಕರು. "ಸೊಳ್ಳೆ ಮಾತಾಡೋ ಹಾಗೆ! ತಾರುಮಿ ಇಷ್ಟು ಚೆನ್ನಾಗಿ ಬರೀತಾನೆ ಅಂತ ಗೊತ್ತಿರಲಿಲ್ಲ. ಈಚೆಗೆ ನನ್ನ ಪದ್ಯಕ್ಕೂ ಅವನೇ ಸೇರಿಸ್ತಾ ಇದ್ದಾನೆ, ಯಾವಾಗ ಸೇರಿಸ್ತಾನೋ ಏನೋ."

ನಗು ಬಂತು, ಅಳುವೂ ಬಂತು. ಎರಡನ್ನೂ ಹಿಡಿದುಕೊಂಡು ಹೇಳಿದೆ. "ಯಜಮಾನ್ರೇ, ಅದು ತಾರುಮಿ ಅವರು ಬರೆದದ್ದಲ್ಲ. ಅದೇ ರೋಗ. ನಿಮ್ಮ ಕಂಪ್ಯೂಟರಿಗೆ ತಗಲಿದೆ. ಕೆಳಗೆ ಎಲ್ಲರಿಗೂ ಗೊತ್ತು. ಹೇಳೋಕೆ ಯಾರಿಗೂ ಧೈರ್ಯ ಇಲ್ಲ, ಅದಕ್ಕೆ ನನ್ನ ತಲೆಗೆ ಕಟ್ತಿದ್ದಾರೆ."

ಅವರ ಮುಖ ಕೆಂಪಾಯಿತು. "ನನ್ನ ಕಂಪ್ಯೂಟರಿಗೆ ರೋಗಾನಾ? ದಿನಾ ಒರೆಸ್ತೀನಿ ನಾನು! ಒಂದು ಧೂಳಿನ ಕಣ ತೋರಿಸು! ಕೆಳಗಡೆ ನಿಮ್ಮದು ನೋಡಿದ್ದೀನಿ, ಬಿಸ್ಕತ್ತಿನ ಪುಡಿ ತುಂಬಿರುತ್ತೆ. ಹೋಗು ಇಲ್ಲಿಂದ!"

"ಮೊಹರು ಒತ್ತಿ ಕೊಡಿ, ಹೋಗ್ತೀನಿ."

ಒಂದು ಗಳಿಗೆ ನನ್ನನ್ನೇ ದುರುಗುಟ್ಟಿ ನೋಡಿದರು. ನಾನು ಕದಲಲಿಲ್ಲ. ಫ್ಲಾಪಿ ಕಸಿದುಕೊಂಡು ತೂರಿಸಿ, ಗುಂಡಿ ಒಡೆಯುವ ಹಾಗೆ ಒತ್ತಿ, ಮೇಜಿನ ಮೇಲೆ ಎಸೆದರು. ಅವರ ಯಂತ್ರಕ್ಕೆ ಕಾವಲು ಪ್ರೋಗ್ರಾಂ ಇರಲಿಲ್ಲ ನೋಡಿ, ಅದು ಕಿರುಚಲಿಲ್ಲ.

ಕೆಳಗಿಳಿದು ಫ್ಲಾಪಿಯನ್ನು ನನ್ನ ಮೇಜಿಗೆ ಒಯ್ಯಲಿಲ್ಲ. ನಿಶಿವಾಕಿಯ ಮುಂದಿಟ್ಟೆ. "ಯಜಮಾನ್ರ ಮೊಹರು ಬಿದ್ದಿದೆ. ಈಗ ನಿಮ್ಮದು." ಯಜಮಾನರ ಮೊಹರು ಬಿದ್ದ ಮೇಲೆ ಬೇಡ ಎನ್ನುವ ಎದೆ ಅವನಿಗಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ತೂರಿಸಿದ.

ಕೀ ಕೀ ಕೀ.

"ಇವತ್ತು ಕಿರುಚಿದ್ದು ನಿಮ್ಮದು ಮ್ಯಾನೇಜರ್ರೇ," ಎಂದೆ. "ಹಂಗಾದ್ರೆ ರೋಗ ನಿಮ್ಮದಾ?"

ಸೆನ್‌ಬಾ ನಗು ತಡೆಯಲಾರದೆ ಕೆಮ್ಮಿದ. ಆಗ ನೋಡಿದೆ, ಮೆಟ್ಟಿಲ ತುದಿಯಲ್ಲಿ ಯಜಮಾನರು ನಿಂತಿದ್ದರು. ಬ್ರಷ್ಷು ಇನ್ನೂ ಕೈಯಲ್ಲೇ ಇತ್ತು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಈಗ ಒಂದು ಮಾತು ಆಡುತ್ತಾರೆ, ನಂದೇ ತಪ್ಪು ಅನ್ನುತ್ತಾರೆ ಎಂದು ಕಾದೆ. ಅವರು ತಿರುಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ತೊದಾನನ್ನು ಹಿಂದಿನ ಮೆಟ್ಟಿಲಿನಿಂದ ಮೇಲಕ್ಕೆ ಕರೆಸಿದರು. ಒಂದು ಗಂಟೆ ಬಿಟ್ಟು ಇಳಿದು ಬಂದವನು ನನಗೆ ಮಾತ್ರ ಕಾಣುವಂತೆ ತಲೆಯಾಡಿಸಿದ. ಅಲ್ಲಿಗೆ ನಮ್ಮ ಕಂಪನಿಯ ರೋಗ ಹೋಯಿತು. ನಿಶಿವಾಕಿ ನನ್ನ ಬಳಿ ಬಂದು ಮೆಲ್ಲಗೆ, "ನಾಳೆ ಒಂಬತ್ತಕ್ಕೆ ಸ್ಟೇಷನ್ ಹತ್ರ. ಕಪ್ಪು ಕೋಟು ಹಾಕ್ಕೊಂಡು ಬನ್ನಿ," ಎಂದ.

"ಎಲ್ಲಾ ಗೊತ್ತಾದ ಮೇಲೂ?"

"ಯಜಮಾನ್ರು ಹೋಗಿ ಬಗ್ಗೋಕಾಗುತ್ತಾ? ಯಾರಾದ್ರೂ ಬಗ್ಗಲೇಬೇಕಲ್ಲ. ಹೇಗೂ ನಿಮ್ಮ ಹೆಸರು ಹೇಳಿಯಾಗಿದೆ."

ನೋಡಿದಿರಾ? ರೋಗ ಯಜಮಾನರದು, ನಮಸ್ಕಾರ ನನ್ನದು! ಬರುವುದಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ನಾನಿಲ್ಲದ ಕಡೆ ನನ್ನ ಹೆಸರನ್ನು ಬಗ್ಗಿಸಿ ಬರುತ್ತಿದ್ದ. ಅದಕ್ಕೇ ಹೋದೆ. ಕಪ್ಪು ಕೋಟು ಹಾಕಲಿಲ್ಲ. ಪರ್ಸಿಮನ್ ಹಣ್ಣಿನಂಥ ಕಡು ಕಿತ್ತಳೆ ಬಣ್ಣದ ನನ್ನ ಸ್ವೆಟರು ಹಾಕಿಕೊಂಡೆ.

ಪಂಪಿನ ಕಂಪನಿಯ ಆಫೀಸು ನಮ್ಮದರ ಹತ್ತರಷ್ಟಿತ್ತು. ಆದರೆ ಮೇಜುಗಳ ಸಾಲು ಅದೇ: ಬಾಗಿಲ ಬಳಿ ನನ್ನಂಥವಳೇ ಒಬ್ಬಳು ಚಹಾದ ತಟ್ಟೆ ಹಿಡಿದು ನಿಂತಿದ್ದಳು. ದೂರದ ಮೂಲೆಯಲ್ಲಿ ಮುಚ್ಚಿದ ಬಾಗಿಲೊಂದು, ಅದರ ಮೇಲೆ ತಾರುಮಿ ಎಂಬ ಫಲಕ. ಕಾಜಿತಾನಿ ನಮ್ಮನ್ನು ಕೂರಿಸಲೂ ಇಲ್ಲ. ಎಲ್ಲರ ನಡುವೆ ನಿಲ್ಲಿಸಿ ಹಾಳೆಗಳ ಕಟ್ಟನ್ನು ಮೇಜಿಗೆ ಬಡಿದ.

"ನಗರಸಭೆಯವರು ಏನಂದ್ರು ಗೊತ್ತಾ? ಟೆಂಡರ್ ಸಿಗದಿದ್ರೆ ನಿಮಗೆ ಊಟಕ್ಕೂ ಗತಿ ಇಲ್ವಾ ಅಂತ ಕೇಳಿದ್ರು! ಯಾರ್ರೀ ಇದಕ್ಕೆ ಕಾರಣ?"

ನಿಶಿವಾಕಿ ಯೋಕನ್ ಸಿಹಿಯ ಡಬ್ಬವನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ, ಸೊಂಟದಿಂದ ಮಡಿಸಿಕೊಂಡು ಬಾಗಿದ. "ಕ್ಷಮಿಸಬೇಕು. ಈ ಮಾಕಿನೊ ಅವರ ಅಜಾಗರೂಕತೆಯಿಂದ..." ಬಾಗಿದಲ್ಲಿಂದಲೇ ನನ್ನ ಕಡೆ ಕಣ್ಣು ಹೊರಳಿಸಿ ಪಿಸುಗುಟ್ಟಿದ. "ಬಗ್ಗಿ. ಬಗ್ರೀ!"

ನಾನು ನೆಟ್ಟಗೆ ನಿಂತೆ. ಬೆನ್ನು ಬಾಗಿಸಲಿಲ್ಲ.

"ಈಕೆ ಯಾಕೆ ಹೀಗೆ ನಿಂತಿದ್ದಾಳೆ?" ಎಂದ ಕಾಜಿತಾನಿ.

"ನಾನು ಬಗ್ಗಲ್ಲ," ಎಂದೆ. "ನಿಮಗೆ ತೊಂದರೆ ಆಗಿದ್ದಕ್ಕೆ ನಿಜವಾಗ್ಲೂ ಬೇಜಾರಿದೆ. ಆದ್ರೆ ಇದು ನನ್ನ ಕಂಪ್ಯೂಟರಿಂದ ಬಂದದ್ದಲ್ಲ. ನನ್ನದಲ್ಲದ ತಪ್ಪಿಗೆ ನಾನು ಬಗ್ಗಲ್ಲ."

ಟೈಪು ಮಾಡುವ ಸದ್ದು ಒಂದೊಂದಾಗಿ ನಿಂತಿತು.

"ನಾವು ನಮ್ಮಲ್ಲಿ ಎಲ್ಲಾ ತೊಳೆದಿದ್ದೀವಿ," ಎಂದು ಮುಂದುವರಿಸಿದೆ. "ನಿಮ್ಮಲ್ಲಿ ಇನ್ನೂ ಬರ್ತಾ ಇದೆಯಾ?"

"ಬರ್ತಾ ಇದೆ! ದಿನಾ ಬರ್ತಾ ಇದೆ! ಎಲ್ಲಾ ಕಂಪ್ಯೂಟರೂ ತೊಳೆಸಿದ್ದೀನಿ, ಆದ್ರೂ ಮಾರನೇ ದಿನ ಮತ್ತೆ..."

"ಎಲ್ಲಾನೂ?"

"ಎಲ್ಲಾನೂ!"

"ಆ ಬಾಗಿಲ ಹಿಂದಿರೋದು?"

ಯಾರೂ ಆ ಬಾಗಿಲ ಕಡೆ ನೋಡಲಿಲ್ಲ. ಅಷ್ಟು ಜನ, ಅಷ್ಟು ದೊಡ್ಡ ಕೋಣೆ, ಎಲ್ಲರೂ ತಮ್ಮ ತಮ್ಮ ಕೀಲಿಮಣೆ ನೋಡುತ್ತ ಕೂತರು. ಚಹಾದ ತಟ್ಟೆಯ ಹೆಂಗಸೊಬ್ಬಳೇ ನನ್ನನ್ನು ನೇರ ನೋಡುತ್ತಿದ್ದಳು. ಇವರಿಗೂ ಗೊತ್ತಿತ್ತು, ನಮ್ಮವರಿಗೆ ಗೊತ್ತಿದ್ದ ಹಾಗೆಯೇ.

ನಾನು ನಿಶಿವಾಕಿಯ ಕೈಯಿಂದ ಸಿಹಿಯ ಡಬ್ಬ ತೆಗೆದುಕೊಂಡೆ. ಮೇಜುಗಳ ನಡುವೆ ನಡೆದು ಹೋಗಿ ಮೂಲೆಯ ಬಾಗಿಲು ತಟ್ಟಿದೆ. ಹಿಂದೆ ಯಾರೋ, "ಅಯ್ಯೋ, ಬೇಡ ಬೇಡ," ಎಂದರು.

"ಯಾರು?" ಒಳಗಿನಿಂದ ಮುದಿ ದನಿ.

"ಹಿಗಾಕಿ ಬೋಲ್ಟಿನ ಮಾಕಿನೊ. ನಿಮ್ಮ ಸೊಳ್ಳೆ ಪದ್ಯದ ಕೊನೇ ಸಾಲಿನ ಬಗ್ಗೆ ಮಾತಾಡಬೇಕು."

"ಓಹೋ, ಆ ಹಸಿವಿನ ಸಾಲಾ! ಬಾಮ್ಮಾ, ಬಾ ಒಳಗೆ. ಹಿಗಾಕಿ ಕದ್ದು ಸೇರಿಸಿದ್ದು ತಾನೇ ಅದು? ಫ್ಲಾಪಿ ಅವನ ಕೈಗೆ ಹೋಗೋ ಮುಂಚೆನೇ ಹೇಗೆ ಸೇರಿಸಿದ ಅಂತ ನನಗೂ ಆಶ್ಚರ್ಯ. ಅವನದಲ್ಲ ಅಂದ್ರೆ ಆ ಸಾಲು ಯಾರದು, ಹೇಳು ನೋಡೋಣ?"

ನಾನು ತಿರುಗಿ ನೋಡಿದೆ. ಎದ್ದು ನಿಲ್ಲು ಎಂದು ಯಾರೂ ಹೇಳದಿದ್ದುದರಿಂದ ನಿಶಿವಾಕಿ ಇನ್ನೂ ಬಾಗಿಯೇ ಇದ್ದ, ಖಾಲಿ ಕೈ ಮುಂದೆ ಚಾಚಿಕೊಂಡು.

"ನಮ್ಮ ಮ್ಯಾನೇಜರ್ ಒಂದು ಮಾತು ಹೇಳ್ತಾರೆ ತಾರುಮಿ ಅವರೇ," ಎಂದೆ. "ಎಲ್ಲಿಂದ ಶುರುವಾಗುತ್ತೋ ರೋಗಾನೂ ಅಲ್ಲಿಂದಲೇ ಅಂತೆ. ಆ ಫ್ಲಾಪಿ ಶುರುವಾಗೋದು ನಿಮ್ಮಿಂದ."

ಡಬ್ಬವನ್ನು ಅವರ ಮೇಜಿನ ಮೇಲಿಟ್ಟೆ. ಬಾಗಿಲನ್ನು ಮುಚ್ಚಲಿಲ್ಲ. ಎಲ್ಲರಿಗೂ ಕೇಳಿಸಲಿ ಎಂದು ಹಾಗೇ ತೆರೆದು ಬಿಟ್ಟು, ಕುರ್ಚಿ ಎಳೆದುಕೊಂಡು ಅವರ ಎದುರು ಕೂತೆ.